ಮೊದಲ ಸಲ ಲಂಡನ್‌ಗೆ ಹೊರಟವರಿಗೆ: ನಾಲ್ಕು ದಿನ, ಎರಡೇ ಟಿಕೆಟ್

ದಾವಣಗೆರೆಯಿಂದ ಚಿಕ್ಕಪ್ಪ ಲಂಡನ್‌ಗೆ ಬಂದಾಗ ಅವರ ಜೇಬಿನಲ್ಲಿ ಒಂದು ಚೀಟಿ ಇತ್ತು. ನೋಟ್‌ಬುಕ್ ಹಾಳೆ, ಎರಡೂ ಕಡೆ ಬರೆದಿದ್ದರು. ಎಣಿಸಿದರೆ 31 ಜಾಗ. "ನಾಲ್ಕು ದಿನದಾಗ ಮುಗಿತೈತಲ್ಲೇನೋ?" ಅಂತ ಕೇಳಿದರು.

ಮುಗಿಯುವ ಮಾತೇ ಇರಲಿಲ್ಲ. ಊಟ ಆದಮೇಲೆ ಮೇಜಿನ ಮೇಲೆ ಊರಿನ ಮ್ಯಾಪ್ ಹರಡಿ ಕೂತೆವು. ಚೀಟಿಯಲ್ಲಿದ್ದ ಒಂದೊಂದೇ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟೆವು. ನೋಡಿದರೆ ಮುಕ್ಕಾಲು ಪಾಲು ಚುಕ್ಕಿ ಥೇಮ್ಸ್ ನದಿಯ ಎರಡು ದಡದಲ್ಲೇ ಸಾಲಾಗಿ ನಿಂತಿವೆ. ಅಲ್ಲಿಂದ ಕೆಲಸ ಸುಲಭವಾಯಿತು. ದಿನಕ್ಕೊಂದು ತುಂಡು ನದಿ ಹಿಡಿದು ನಡೆಯುವುದು, ಒಂದು ದಿನ ಮ್ಯೂಸಿಯಂಗೆ ಬಿಡುವುದು, ದುಡ್ಡು ಕೊಟ್ಟು ಒಳಗೆ ಹೋಗುವುದು ಎರಡೇ ಎರಡು ಕಡೆ. ಆಮೇಲೆ ಬಂದ ನೆಂಟರಿಗೆಲ್ಲ ಇದೇ ದಾರಿ ತೋರಿಸಿದ್ದೇನೆ. ನಿಮಗೂ ಅದನ್ನೇ ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಮೊದಲು ವೀಸಾ. ಪ್ಯಾರಿಸ್, ರೋಮ್ ಕಡೆ ಹೋಗಲು ಮಾಡಿಸಿದ ಶೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ವಿಸಿಟರ್ ವೀಸಾ ಬೇರೆಯೇ ಮಾಡಿಸಬೇಕು. ಸಾಮಾನ್ಯವಾಗಿ ಆರು ತಿಂಗಳಿಗೆ ಕೊಡುತ್ತಾರೆ. ಬೇಸಿಗೆ ರಜೆಯಲ್ಲಿ ಅರ್ಜಿಗಳ ರಾಶಿ ಇರುತ್ತದೆ, ಬೇಗ ಹಾಕಿ.

ಯಾವಾಗ ಬರಬೇಕು ಅಂದರೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಕಾರಣ ಬರೀ ಚಳಿ ಅಲ್ಲ, ಬೆಳಕು. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಒಂದೇ ಊರು, ಒಂದೇ ಟಿಕೆಟ್ ದುಡ್ಡು, ನೋಡಲು ಸಿಗುವ ಹಗಲು ಮಾತ್ರ ಅರ್ಧ.

ಹೋಟೆಲ್ ಬುಕ್ ಮಾಡುವಾಗ ಎರಡು ಪ್ರಶ್ನೆ ಕೇಳಿ: ಟ್ಯೂಬ್ (ನೆಲದಡಿಯ ಮೆಟ್ರೊ) ಸ್ಟೇಷನ್ ಎಷ್ಟು ದೂರ? ಲಿಫ್ಟ್ ಇದೆಯಾ? ಎರಡನೆಯದನ್ನು ಕೇಳದೆ ನಾನೊಮ್ಮೆ ನೆಂಟರಿಗೆ ರೂಮ್ ಮಾಡಿಸಿದ್ದೆ. ಮೊಣಕಾಲು ನೋವಿನ ಅತ್ತೆಯನ್ನೂ 23 ಕೆಜಿಯ ಎರಡು ಸೂಟ್‌ಕೇಸ್‌ಗಳನ್ನೂ ನಾಲ್ಕನೇ ಮಹಡಿಗೆ ಹತ್ತಿಸಿದ್ದು ಇವತ್ತಿಗೂ ಮನೆಯಲ್ಲಿ ಮಾತಿಗೆ ಬರುತ್ತದೆ. ಇಲ್ಲಿ ಹಳೇ ಮನೆಗಳನ್ನೇ ಹೋಟೆಲ್ ಮಾಡಿರುತ್ತಾರೆ. ಮೆಟ್ಟಿಲು ಕಡಿದು, ರೂಮು ಚಿಕ್ಕದು.

ಸೂಟ್‌ಕೇಸಿಗೆ ಚಪ್ಪಟೆ ಮೂರು ಕಡ್ಡಿಯ ಪ್ಲಗ್ ಅಡಾಪ್ಟರ್, ಟೋಪಿ ಇರುವ ತೆಳು ಮಳೆ ಜಾಕೆಟ್, ಪಳಗಿದ ಶೂ ಹಾಕಿಕೊಳ್ಳಿ. ಹೊಸ ಶೂ ಬೇಡ, ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದಿದೆ. ಒಂದು ಚಿಕ್ಕ ನೀರಿನ ಬಾಟಲಿಯೂ ಇರಲಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಟಾಯ್ಲೆಟ್ಟಿನಲ್ಲಿ ಪೇಪರ್ ಬಿಟ್ಟರೆ ಬೇರೇನೂ ಇರುವುದಿಲ್ಲ, ಅಲ್ಲಿಗೂ ಆ ಬಾಟಲಿಯೇ ಗತಿ.

ಇನ್ನು ಮನೆಯಲ್ಲಿ ಕೂತೇ ಬುಕ್ ಮಾಡಬೇಕಾದವು. ದುಡ್ಡಿನವು ಎರಡು: ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅನ್ನುವ ಹಳೇ ಚರ್ಚು ಮತ್ತು ಟವರ್ ಆಫ್ ಲಂಡನ್ ಅನ್ನುವ ಕೋಟೆ. ಒಂದೊಂದಕ್ಕೂ ತಲೆಗೆ 30 ಪೌಂಡ್ ಆಸುಪಾಸು. ರೂಪಾಯಿಗೆ ಗುಣಿಸಿದರೆ ಎದೆ ಝಲ್ ಅನ್ನುತ್ತದೆ, ಆದರೆ ಇವೆರಡು ವಸೂಲಾಗುತ್ತವೆ. ಪುಕ್ಕಟೆಯಾದರೂ ಮೊದಲೇ ಸಮಯ ಕಾದಿರಿಸಬೇಕಾದವು ಇನ್ನೆರಡು: ಬ್ರಿಟಿಷ್ ಮ್ಯೂಸಿಯಂ ಮತ್ತು ಸ್ಕೈ ಗಾರ್ಡನ್.

ಏರ್‌ಪೋರ್ಟಿನಿಂದ ಊರೊಳಗೆ, ಊರೊಳಗೆ ಓಡಾಟ

ಹೀಥ್ರೂನಿಂದ ಟ್ಯಾಕ್ಸಿ ಹಿಡಿಯಬೇಡಿ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲು ಹತ್ತಿದರೆ ಸುಮಾರು 40 ನಿಮಿಷದಲ್ಲಿ ಊರ ನಡುವೆ ಇಳಿಯುತ್ತೀರಿ. ಲಗೇಜಿಗೆ ಜಾಗ ಇದೆ, ಏಸಿ ಇದೆ. ದುಡ್ಡು ಉಳಿಸಬೇಕು ಅಂದರೆ ಪಿಕಡಿಲಿ ಲೈನ್. ಅದು ನಿಧಾನ, ಬೋಗಿ ಕಿರಿದು, ಆದರೆ ಅಗ್ಗ.

ಟಿಕೆಟ್ ಕೌಂಟರ್ ಹುಡುಕುವುದು ಬೇಡ. ನಿಮ್ಮ ಕಾಂಟ್ಯಾಕ್ಟ್‌ಲೆಸ್ ಡೆಬಿಟ್, ಕ್ರೆಡಿಟ್ ಅಥವಾ ಫೋರೆಕ್ಸ್ ಕಾರ್ಡನ್ನೇ ಗೇಟಿನ ಹಳದಿ ಬಿಲ್ಲೆಗೆ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಭಾರತದ ಕಾರ್ಡಾದರೆ ಹೊರಡುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ಇಲ್ಲದಿದ್ದರೆ ಗೇಟಿನ ಮುಂದೆ ಕೆಂಪು ದೀಪ, ಹಿಂದೆ ಉದ್ದದ ಸಾಲು.

ಕಾರ್ಡಿನ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಇಲ್ಲಿದೆ. ಟ್ಯೂಬ್‌ನಲ್ಲಿ ಒಂದು ಕಾರ್ಡಿಗೆ ಒಬ್ಬರೇ. ಗಂಡನ ಕಾರ್ಡನ್ನೇ ಹೆಂಡತಿಗೂ ಮುಟ್ಟಿಸಲು ಆಗುವುದಿಲ್ಲ. ಕಾರ್ಡ್ ಇಲ್ಲದವರಿಗೆ ಸ್ಟೇಷನ್ನಿನಲ್ಲೇ ದುಡ್ಡು ತುಂಬಿಸಿ ಬಳಸುವ ಆಯ್ಸ್ಟರ್ ಕಾರ್ಡ್ ಸಿಗುತ್ತದೆ. ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಒಳಗೆ ಕಾರ್ಡು, ಹೊರಗೆ ಫೋನು ಅಂತ ಮಾಡಿದರೆ ಎರಡಕ್ಕೂ ಪೂರ್ತಿ ದುಡ್ಡು ಕತ್ತರಿಸುತ್ತದೆ. ಬಸ್ಸಿನಲ್ಲಾದರೆ ಹತ್ತುವಾಗ ಮಾತ್ರ ಸಾಕು. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಒಮ್ಮೆ ಕಾರ್ಡ್ ಮುಟ್ಟಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡಿಲ್ಲ. ದಿನಕ್ಕೆ ಇಷ್ಟೇ ಅಂತ ಮಿತಿ ಬೇರೆ ಇದೆ. ಅದು ದಾಟಿದ ಮೇಲೆ ಆ ದಿನದ ಓಡಾಟ ಪುಕ್ಕಟೆ. ಹನ್ನೊಂದು ತುಂಬದ ಮಕ್ಕಳು ದೊಡ್ಡವರ ಜೊತೆ ಇದ್ದರೆ ಟ್ಯೂಬ್‌ನಲ್ಲಿ ಫ್ರೀ.

ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ. ಎಡಕ್ಕೆ ನಿಂತರೆ ಹಿಂದಿನಿಂದ ಯಾರೂ ಬೈಯುವುದಿಲ್ಲ, ಬರೀ ಉಸಿರು ಬಿಡುತ್ತಾರೆ. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತದೆ. ರಸ್ತೆ ಬದಿ ನಿಂತು ಫೋನ್ ನೋಡುವಾಗ ಎಚ್ಚರ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ. ಮ್ಯಾಪ್ ನೋಡಬೇಕಾದರೆ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ.

ಒಂದನೇ ದಿನ: ಟ್ರಫಾಲ್ಗರ್ ಸ್ಕ್ವೇರ್‌ನಿಂದ ಬಸವಣ್ಣನವರೆಗೆ

ಭಾನುವಾರ ಬಿಟ್ಟು ಬೇರೆ ದಿನ ಇದನ್ನು ಇಟ್ಟುಕೊಳ್ಳಿ. ಭಾನುವಾರ ಅಬ್ಬೆಯಲ್ಲಿ ಪ್ರಾರ್ಥನೆ ಮಾತ್ರ, ಪ್ರವಾಸಿಗಳಿಗೆ ಪ್ರವೇಶ ಇಲ್ಲ.

ಬೆಳಿಗ್ಗೆ ಹತ್ತಕ್ಕೆ ಟ್ರಫಾಲ್ಗರ್ ಸ್ಕ್ವೇರ್. ನೆಲ್ಸನ್ ಕಂಬ, ನಾಲ್ಕು ಕಂಚಿನ ಸಿಂಹ, ಒಂದು ಫೋಟೊ. ಅಲ್ಲಿಂದ ವೈಟ್‌ಹಾಲ್ ರಸ್ತೆ ಹಿಡಿದು ಕೆಳಗೆ ನಡೆಯಿರಿ. ಬಲಗಡೆ ಹಾರ್ಸ್ ಗಾರ್ಡ್ಸ್ ಸಿಗುತ್ತದೆ. ಇಲ್ಲಿ ಹನ್ನೊಂದಕ್ಕೆ ಕುದುರೆ ಸವಾರರ ಪಾಳಿ ಬದಲಾಗುತ್ತದೆ. ಎಲ್ಲರೂ ಬಕಿಂಗ್‌ಹ್ಯಾಮ್ ಅರಮನೆಯ ಪಾಳಿ ನೋಡಲು ಓಡುತ್ತಾರೆ. ಅಲ್ಲಿ ಗಂಟೆ ಮೊದಲೇ ಹೋಗಿ ನಿಂತರೂ ಮುಂದಿನವರ ತಲೆ ಕಾಣುವುದೇ ಹೆಚ್ಚು. ಅದೂ ದಿನಾ ಇರುವುದಿಲ್ಲ. ಹಾರ್ಸ್ ಗಾರ್ಡ್ಸ್‌ನಲ್ಲಿ ಕುದುರೆಯ ಉಸಿರು ಕೇಳುವಷ್ಟು ಹತ್ತಿರ ನಿಲ್ಲಬಹುದು.

ಇನ್ನೂ ಮುಂದೆ ಪ್ರಧಾನಿ ಇರುವ ಡೌನಿಂಗ್ ಸ್ಟ್ರೀಟ್‌ನ ಗೇಟು. ಏನೂ ಕಾಣುವುದಿಲ್ಲ, ಮುಂದೆ ನಡೆಯಿರಿ. ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ ಗಾಂಧಿ, ಮಂಡೇಲಾ, ಚರ್ಚಿಲ್ ಮೂವರೂ ಒಂದೇ ಹುಲ್ಲುಹಾಸಿನ ಸುತ್ತ ನಿಂತಿದ್ದಾರೆ. ಗಾಂಧಿಯನ್ನು ಕಂಡರೆ ಆಗದಿದ್ದ ಚರ್ಚಿಲ್‌ಗೆ 2015ರಿಂದ ಈ ನೆರೆ!

ಎದುರಿಗೇ ಬಿಗ್ ಬೆನ್. ಬಿಗ್ ಬೆನ್ ಅನ್ನುವುದು ಗೋಪುರದ ಹೆಸರಲ್ಲ, ಒಳಗಿನ ದೊಡ್ಡ ಗಂಟೆಯದು. ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅಂತ ಹೆಸರು. ಗಂಟೆಯ ತೂಕ 13 ಟನ್ನಿಗೂ ಮೇಲೆ. 1859ರಲ್ಲಿ ಬಾರಿಸಲು ಶುರುಮಾಡಿದ ಎರಡೇ ತಿಂಗಳಿಗೆ ಬಿರುಕು ಬಿಟ್ಟಿತು. ಹೊಸದು ಎರಕ ಹೊಯ್ಯಲಿಲ್ಲ. ಗಂಟೆಯನ್ನೇ ಸ್ವಲ್ಪ ತಿರುಗಿಸಿ, ಬಿರುಕಿಲ್ಲದ ಕಡೆ ಹಗುರ ಸುತ್ತಿಗೆಯಲ್ಲಿ ಹೊಡೆಯುವಂತೆ ಮಾಡಿದರು. ಹನ್ನೆರಡು ಹೊಡೆಯುವಾಗ ಕೆಳಗೆ ನಿಂತು ಕೇಳಿ. ಆ ಸ್ವರದಲ್ಲಿ ಬಿರುಕೂ ಸೇರಿದೆ.

ಗಂಟೆ ಕೇಳಿಕೊಂಡು ಅಬ್ಬೆಯೊಳಗೆ ಹೋಗಿ. ಎರಡು ಗಂಟೆ ಬೇಕು. 1066ರಿಂದ ಇಂಗ್ಲೆಂಡಿನ ರಾಜ ರಾಣಿಯರ ಪಟ್ಟಾಭಿಷೇಕ ಆಗುತ್ತಿರುವುದು ಇಲ್ಲೇ. ನ್ಯೂಟನ್, ಡಾರ್ವಿನ್ ಸಮಾಧಿ ಇಲ್ಲಿವೆ. ಅವರಿಬ್ಬರ ನಡುವೆ 2018ರಲ್ಲಿ ಸ್ಟೀಫನ್ ಹಾಕಿಂಗ್ ಅವರ ಚಿತಾಭಸ್ಮ ಇಟ್ಟಿದ್ದಾರೆ. ಬಾಗಿಲ ಬಳಿ ಹೆಸರಿಲ್ಲದ ಸೈನಿಕನ ಕಪ್ಪು ಕಲ್ಲು ಇದೆ. ಸುತ್ತ ಕೆಂಪು ಹೂವಿನ ಅಂಚು. ನೆಲದಲ್ಲಿರುವ ಉಳಿದ ಸಮಾಧಿಗಳನ್ನೆಲ್ಲ ಜನ ತುಳಿದು ಓಡಾಡುತ್ತಾರೆ, ಇದೊಂದನ್ನು ರಾಜರೂ ತುಳಿಯುವುದಿಲ್ಲ.

ನನಗೆ ಇಷ್ಟವಾದದ್ದು ಪಟ್ಟಾಭಿಷೇಕದ ಮರದ ಕುರ್ಚಿ. ಏಳುನೂರು ವರ್ಷ ಹಳೆಯದು. ಹತ್ತಿರ ಬಗ್ಗಿ ನೋಡಿದರೆ ಮೈತುಂಬ ಚಾಕುವಿನ ಗೀರು, ಹೆಸರುಗಳು. ಪಕ್ಕದ ಶಾಲೆಯ ಹುಡುಗರು ಮತ್ತು ನೋಡಲು ಬಂದವರು ಕೆತ್ತಿದ್ದು. ಪಿ. ಅಬಾಟ್ ಅನ್ನುವವನು 1800ರ ಜುಲೈ 5ರ ರಾತ್ರಿ ಈ ಕುರ್ಚಿಯಲ್ಲೇ ಮಲಗಿದ್ದೆ ಅಂತ ಕೆತ್ತಿಟ್ಟು ಹೋಗಿದ್ದಾನೆ. ಹಂಪಿಯ ಕಂಬಗಳ ಮೇಲೆ ಹೆಸರು ಕೊರೆಯುವ ನಮ್ಮ ಹುಡುಗರ ಅಣ್ಣ ಇವನು. ಚಿಕ್ಕಪ್ಪ ಇದನ್ನು ನೋಡಿ ಜೋರಾಗಿ ನಕ್ಕು, ಕಾವಲಿನವರ ಕೈಲಿ ಶ್ ಅನ್ನಿಸಿಕೊಂಡರು.

ಹೊರಗೆ ಬಂದು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ. ಸೇತುವೆಗೆ ಹಸಿರು ಬಣ್ಣ, ಕೆಳಮನೆಯ ಆಸನಗಳ ಬಣ್ಣ. ಮುಂದೆ ಸಿಗುವ ಲ್ಯಾಂಬೆತ್ ಸೇತುವೆಗೆ ಮೇಲ್ಮನೆಯ ಕೆಂಪು. ಸೇತುವೆ ದಾಟಿದ ಕೂಡಲೇ ಎಲ್ಲರೂ ಎಡಕ್ಕೆ, ಲಂಡನ್ ಐ ಅನ್ನುವ ದೊಡ್ಡ ತಿರುಗುಚಕ್ರದ ಕಡೆ ಹೋಗುತ್ತಾರೆ. ನೀವು ಬಲಕ್ಕೆ ಮೆಟ್ಟಿಲಿಳಿಯಿರಿ.

ಒಂದು ಕಡೆ ನದಿ, ಅದರಾಚೆ ಪಾರ್ಲಿಮೆಂಟ್. ಇನ್ನೊಂದು ಕಡೆ ಸೇಂಟ್ ಥಾಮಸ್ ಆಸ್ಪತ್ರೆಯ ಉದ್ದದ ಗೋಡೆ. ಆ ಗೋಡೆ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರಲ್ಲಿ ಸ್ವಯಂಸೇವಕರು ಶುರುಮಾಡಿದರು. ಅರ್ಧ ಕಿಲೋಮೀಟರ್ ಉದ್ದಕ್ಕೂ ಇವೆ. ಒಳಗೆ ಹೆಸರು, ಕೆಲವು ಕಡೆ ಬರೀ "ಅಪ್ಪ". ಮಾಸಿದವನ್ನು ಮತ್ತೆ ಬಣ್ಣ ಹಾಕಿ ಎಬ್ಬಿಸುತ್ತಾರೆ. ಇಲ್ಲಿ ಅವಸರ ಬೇಡ.

ಹಾಗೇ ಕಾಲುಗಂಟೆ ನಡೆದರೆ ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬಾಂಕ್‌ಮೆಂಟ್‌ನ ಸಣ್ಣ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಮುಂದೆ ನಿಂತು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನದಿಯಾಚೆ ಬ್ರಿಟನ್ನಿನ ಪಾರ್ಲಿಮೆಂಟ್ ಇದೆ, ಈಚೆ ಅನುಭವ ಮಂಟಪದ ಬಸವಣ್ಣ. ಜಾಗ ಆರಿಸಿದವರ ತಲೆ ಮೆಚ್ಚಬೇಕು. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಗದ್ದಲವೂ ಇಲ್ಲ. ಚಿಕ್ಕಪ್ಪ ಗಾಳಿಯಲ್ಲೇ ಶೂ ಬಿಚ್ಚಿ, ಸಾಕ್ಸ್‌ನಲ್ಲಿ ನಿಂತು ಕೈ ಮುಗಿದರು. ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ಯಾರಿವರು ಅಂತ ಕೇಳಿದರು. ಹನ್ನೆರಡನೇ ಶತಮಾನ, ಜಾತಿ ಬೇಡ ಅಂದವರು, ಕೆಲಸವೇ ದೊಡ್ಡದು ಅಂದವರು ಅಂತ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ವಚನ ಮಾತ್ರ ಅನುವಾದಿಸಲು ಬಾಯಿ ಬರಲಿಲ್ಲ.

ಎರಡನೇ ದಿನ: ಟವರ್‌ನಿಂದ ಸೇಂಟ್ ಪಾಲ್ಸ್‌ವರೆಗೆ

ಟ್ರಫಾಲ್ಗರ್ ಸ್ಕ್ವೇರ್‌ನಿಂದ 15ನೇ ನಂಬರ್ ಬಸ್ ಹತ್ತಿ ಮೇಲಿನ ಮಹಡಿಯ ಮುಂದಿನ ಸೀಟು ಹಿಡಿಯಿರಿ. ಟವರ್‌ವರೆಗೂ ಊರು ತೋರಿಸಿಕೊಂಡು ಹೋಗುತ್ತದೆ. ಮೊದಲ ವರ್ಷ ನಾನು ತೆರೆದ ಛಾವಣಿಯ ಪ್ರವಾಸಿ ಬಸ್ಸಿಗೆ ಎರಡು ದಿನದ ಟಿಕೆಟ್ ಕೊಂಡು, ಅರ್ಧ ದಿನ ಟ್ರಾಫಿಕ್ಕಿನಲ್ಲಿ ಮಳೆ ನೆನೆದಿದ್ದೆ. ಸಾಮಾನ್ಯ ಬಸ್ಸಿಗೆ ಅದರ ಇಪ್ಪತ್ತನೇ ಒಂದು ಪಾಲೂ ಖರ್ಚಾಗುವುದಿಲ್ಲ, ಮೇಲೆ ಛಾವಣಿಯೂ ಇದೆ.

ಟವರ್ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಹೋದವರು ಬೇರೆ ಏನನ್ನೂ ನೋಡದೆ ನೆಟ್ಟಗೆ ಕಿರೀಟಗಳ ಮನೆಗೆ ಹೋಗಿ. ಹನ್ನೊಂದರ ಮೇಲೆ ಸಾಲು ಹಾವಿನಂತೆ ಬೆಳೆಯುತ್ತದೆ. ಕೊಹಿನೂರ್ ಇರುವುದು ಇಲ್ಲೇ, ಈಗಿನ ರಾಜನ ಅಜ್ಜಿಯ ಕಿರೀಟದಲ್ಲಿ. 1849ರಲ್ಲಿ ಪಂಜಾಬ್ ಕೈವಶ ಮಾಡಿಕೊಂಡ ಮೇಲೆ ಬಾಲಕ ದುಲೀಪ್ ಸಿಂಗ್‌ನಿಂದ ಬರೆಸಿಕೊಂಡದ್ದು. ಇಲ್ಲಿಗೆ ಬಂದಮೇಲೆ ಹೊಳಪು ಸಾಲದು ಅಂತ ಮತ್ತೆ ಕತ್ತರಿಸಿ 186 ಕ್ಯಾರಟ್ ಇದ್ದದ್ದನ್ನು 105ಕ್ಕೆ ಇಳಿಸಿದರು. ಫೋಟೊ ತೆಗೆಯುವಂತಿಲ್ಲ. ಕಾಲ ಕೆಳಗೆ ಪಟ್ಟಿ ಜರುಗುತ್ತಿರುತ್ತದೆ, ನಿಂತರೂ ಅದೇ ಮುಂದೆ ಒಯ್ಯುತ್ತದೆ. ತಿರುಪತಿಯಲ್ಲಿ "ಜರಗಂಡಿ" ಅನ್ನುವವರ ಕೆಲಸವನ್ನು ಇಲ್ಲಿ ಮೆಷಿನ್ ಮಾಡುತ್ತದೆ. ಉಪಾಯ ಅಂದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಹತ್ತುವುದು. ಯಾರೂ ತಡೆಯುವುದಿಲ್ಲ.

ಆಮೇಲೆ ಕಡುನೀಲಿ-ಕೆಂಪು ದಿರಿಸಿನ ಬೀಫ್‌ಈಟರ್‌ಗಳ, ಅಂದರೆ ಟವರ್ ಕಾವಲುಗಾರರ ಜೊತೆ ಸುತ್ತಿ. ಟಿಕೆಟ್‌ನಲ್ಲೇ ಸೇರಿದೆ. ಎಲ್ಲರೂ ನಿವೃತ್ತ ಸೈನಿಕರು, ಕತ್ತು ಕತ್ತರಿಸಿದ ಕಥೆಗಳನ್ನು ನಗಿಸುತ್ತಾ ಹೇಳುತ್ತಾರೆ. ಅಂಗಳದಲ್ಲಿ ಡೊಣ್ಣೆಗಾತ್ರದ ಕೊಕ್ಕಿನ ಕಾಡುಕಾಗೆಗಳಿವೆ. ಅವು ಟವರ್ ಬಿಟ್ಟರೆ ರಾಜ್ಯ ಮುಳುಗುತ್ತದೆ ಅನ್ನುವ ನಂಬಿಕೆ. ಅದಕ್ಕೇ ಆರಕ್ಕಿಂತ ಕಡಿಮೆ ಆಗದಂತೆ ಸಾಕುತ್ತಾರೆ.

ಪಕ್ಕದಲ್ಲೇ ಟವರ್ ಬ್ರಿಜ್, 1894ರದ್ದು. ಇದನ್ನು ಲಂಡನ್ ಬ್ರಿಜ್ ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ಲಂಡನ್ ಬ್ರಿಜ್ ಪಕ್ಕದ ಸಪ್ಪೆ ಸೇತುವೆ. ದೊಡ್ಡ ಹಡಗು ಬಂದಾಗ ಟವರ್ ಬ್ರಿಜ್ ಎರಡು ಹೋಳಾಗಿ ಮೇಲೇಳುತ್ತದೆ. ವೇಳಾಪಟ್ಟಿ ಸೇತುವೆಯ ವೆಬ್‌ಸೈಟ್‌ನಲ್ಲಿ ಮೊದಲೇ ಇರುತ್ತದೆ, ನೋಡಿಕೊಂಡು ದಿನ ಹೊಂದಿಸಿ. ದುಡ್ಡಿಲ್ಲದ ತಮಾಷೆ.

ಸೇತುವೆ ದಾಟಿ ನದಿಯನ್ನು ಬಲಕ್ಕೆ ಇಟ್ಟುಕೊಂಡು ನಡೆಯಿರಿ. ಬರೋ ಮಾರ್ಕೆಟ್‌ನಲ್ಲಿ ಊಟ, ಸೋಮವಾರ ಮಾತ್ರ ರಜ. ಮುಂದೆ ಶೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರ (1997ರಲ್ಲಿ ಮತ್ತೆ ಕಟ್ಟಿದ್ದು), ಹಳೇ ವಿದ್ಯುತ್ ಸ್ಥಾವರವನ್ನೇ ಕಲಾ ಮ್ಯೂಸಿಯಂ ಮಾಡಿದ ಟೇಟ್ ಮಾಡರ್ನ್. ಅಲ್ಲಿಂದ ಎದುರು ದಡಕ್ಕೆ ಮಿಲೆನಿಯಂ ಬ್ರಿಜ್. 2000ದಲ್ಲಿ ತೆರೆದ ದಿನ ಜನರ ನಡಿಗೆಗೆ ತೂಗಾಡಿ, ಎರಡೇ ದಿನದಲ್ಲಿ ಮುಚ್ಚಿ, 2002ರಲ್ಲಿ ಮತ್ತೆ ತೆರೆದರು. ಈ ಸೇತುವೆ ಮೇಲೆ ಕಾಲಬುಡ ನೋಡಿ ನಡೆಯಿರಿ. ಜನ ಉಗುಳಿದ ಚೂಯಿಂಗ್ ಗಮ್ ಅಂಟಿಕೊಂಡಿರುತ್ತದಲ್ಲ, ಅದರ ಮೇಲೆ ಬೆನ್ ವಿಲ್ಸನ್ ಅನ್ನುವ ಕಲಾವಿದ ಉಗುರಗಲದ ಚಿತ್ರ ಬರೆದಿದ್ದಾರೆ. ಮನೆ, ಮರ, ಹೆಸರು. ಕೆಲವು ಸವೆದಿವೆ. ಮಕ್ಕಳಿದ್ದರೆ ಎಣಿಸಲು ಬಿಡಿ.

ಸೇತುವೆ ನೇರ ಸೇಂಟ್ ಪಾಲ್ಸ್‌ಗೆ ಮುಟ್ಟಿಸುತ್ತದೆ. 1666ರ ಬೆಂಕಿಯಲ್ಲಿ ಹಳೇ ಚರ್ಚು ಸುಟ್ಟಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. 1675ರಲ್ಲಿ ಶುರು, 1710ಕ್ಕೆ ಮುಗಿಯಿತು. ಇದರಲ್ಲೂ ಪಿಸುಗುಟ್ಟುವ ಗ್ಯಾಲರಿ ಇದೆ. ವಿಜಯಪುರದ ಗೋಲಗುಮ್ಮಟ ಇದಕ್ಕಿಂತ ಐವತ್ತು ವರ್ಷ ಹಿಂದಿನದು ಅಂತ ಇಲ್ಲಿನ ಗೆಳೆಯರಿಗೆ ಹೇಳುವ ಅವಕಾಶ ನಾನು ಬಿಡುವುದಿಲ್ಲ. ಟಿಕೆಟ್ ಕೊಳ್ಳದೆ ಒಳಗೆ ಕೂರುವ ದಾರಿ ಸಂಜೆಯ ಹಾಡಿನ ಪ್ರಾರ್ಥನೆ. ಸಾಮಾನ್ಯವಾಗಿ ಐದಕ್ಕೆ, ಯಾರು ಬೇಕಾದರೂ ಹೋಗಬಹುದು. ಗುಮ್ಮಟದ ಕೆಳಗೆ ಮುಕ್ಕಾಲು ಗಂಟೆ ಕೂತು ಗಾಯನ ಕೇಳಿ. ಆ ಹೊತ್ತಿಗೆ ಕಾಲಿಗೂ ಅದೇ ಬೇಕಿರುತ್ತದೆ.

ಮೂರನೇ ದಿನ: ಎರಡು ಮ್ಯೂಸಿಯಂ, ಒಂದೇ ವರ್ಷ

ಲಂಡನ್ನಿನ ದೊಡ್ಡ ಮ್ಯೂಸಿಯಂಗಳು ಪುಕ್ಕಟೆ. ಅದೇ ಅಪಾಯ. ಎಲ್ಲಾ ನೋಡೋಣ ಅಂತ ಹೋಗಿ ಏನೂ ನೆನಪಿರದೆ ಬರುತ್ತಾರೆ. ಎರಡಕ್ಕೆ ನಿಲ್ಲಿಸಿ.

ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ. ಮೊದಲು 4ನೇ ಕೋಣೆಯ ರೊಸೆಟ್ಟಾ ಕಲ್ಲು. ಒಂದೇ ಶಾಸನ, ಮೂರು ಲಿಪಿ. ಇದನ್ನು ಹಿಡಿದೇ ಈಜಿಪ್ಟಿನ ಚಿತ್ರಲಿಪಿ ಓದಲು ಕಲಿತರು. ಎಲ್ಲರೂ ಮುಂದಿನಿಂದ ಫೋಟೊ ತೆಗೆಯುತ್ತಾರೆ. ನೀವು ಪಕ್ಕಕ್ಕೆ ಬಂದು ಕಲ್ಲಿನ ಅಂಚು ನೋಡಿ. ಬ್ರಿಟಿಷ್ ಸೇನೆ 1801ರಲ್ಲಿ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು ಅಂತ ಇಂಗ್ಲಿಷಿನಲ್ಲಿ ಬಣ್ಣದಲ್ಲಿ ಬರೆದಿದ್ದಾರೆ. ಅದಾದಮೇಲೆ ಅಮರಾವತಿಯ ಸ್ತೂಪದ ಕೆತ್ತನೆಗಳ ಕೋಣೆಗೆ ಹೋಗಿ. ಕೃಷ್ಣಾ ತೀರದ ಸುಣ್ಣದ ಕಲ್ಲು, ಗಾಜಿನ ಹಿಂದೆ. ಸಾಕು, ಹೊರಗೆ ಬನ್ನಿ.

ಮಧ್ಯಾಹ್ನ ಊಟಕ್ಕೆ ಯೂಸ್ಟನ್ ಸ್ಟೇಷನ್ ಹತ್ತಿರದ ಡ್ರಮಂಡ್ ಸ್ಟ್ರೀಟ್. ಭಾರತದ ಸಸ್ಯಾಹಾರಿ ಹೋಟೆಲುಗಳ ಹಳೇ ಬೀದಿ. ಮ್ಯೂಸಿಯಂನಿಂದ ನಡೆದೇ ಹೋಗಬಹುದು. ಉಳಿದ ದಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸ್ಯಾಂಡ್‌ವಿಚ್, ಹಣ್ಣು, ಜ್ಯೂಸ್ ಸೇರಿದ ಅಗ್ಗದ ಊಟದ ಪ್ಯಾಕ್ ಸಿಗುತ್ತದೆ. ಸಸ್ಯಾಹಾರದ ಗುರುತು ಎಲ್ಲದರ ಮೇಲೂ ಇರುತ್ತದೆ. ಸರಿಯಾದ ದೋಸೆ ಬೇಕು ಅಂದರೆ ಪೂರ್ವದ ಈಸ್ಟ್ ಹ್ಯಾಮ್‌ಗೆ ಹೋಗಬೇಕು, ಮುಕ್ಕಾಲು ಗಂಟೆ ದಾರಿ. ನಾಲ್ಕನೇ ದಿನಕ್ಕೆ ಆ ಮುಕ್ಕಾಲು ಗಂಟೆ ಜಾಸ್ತಿ ಅನ್ನಿಸುವುದಿಲ್ಲ.

ಊಟ ಮುಗಿಸಿ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಹೋಗುವುದು ಟಿಪ್ಪುವಿನ ಹುಲಿಗಾಗಿ. ಗ್ಯಾಲರಿಗಳನ್ನು ಆಗಾಗ ನವೀಕರಣಕ್ಕೆ ಮುಚ್ಚುತ್ತಾರೆ, ಆದ್ದರಿಂದ ಹುಲಿ ಎಲ್ಲಿದೆ ಅಂತ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ಮರದ ಹುಲಿ, ಕೆಳಗೆ ಬಿದ್ದ ಬಿಳಿಯ ಸಿಪಾಯಿ, ಹುಲಿಯ ಹಲ್ಲು ಅವನ ಕತ್ತಿನಲ್ಲಿ. ಹೆಚ್ಚುಕಮ್ಮಿ ಒಬ್ಬ ಆಳಿನಷ್ಟು ಉದ್ದ. ಹುಲಿಯ ಹೊಟ್ಟೆಯಲ್ಲಿ ತಿದಿ, ಕೊಳವೆ, ಬಾರಿಸುವ ಮನೆಗಳಿವೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತಿತ್ತು, ಸಿಪಾಯಿ ನರಳಿ ಕೈ ಎತ್ತುತ್ತಿದ್ದ. ಶ್ರೀರಂಗಪಟ್ಟಣದಿಂದ ತಂದಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ, ಪಕ್ಕದ ಲೈಬ್ರರಿಯಲ್ಲಿ ಓದುತ್ತಿದ್ದವರು ಈ ಗಲಾಟೆ ತಡೆಯಲಾರದೆ ದೂರು ಹೇಳಿದ್ದರು.

ಈಗ ಬೆಳಗಿನ ಕಲ್ಲನ್ನು ನೆನಪಿಸಿಕೊಳ್ಳಿ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4. ನೆಪೋಲಿಯನ್‌ನ ಸೈನಿಕರಿಗೆ ರೊಸೆಟ್ಟಾ ಕಲ್ಲು ಸಿಕ್ಕಿದ್ದು ಅದೇ ವರ್ಷ ಜುಲೈನಲ್ಲಿ. ಟಿಪ್ಪು ನೆರವಿಗೆ ಕಾದಿದ್ದು ಅದೇ ಫ್ರೆಂಚರಿಗೆ. ಎರಡೂ ಕಡೆ ಗೆದ್ದ ಮಾಲು ಬಂದು ಸೇರಿದ್ದು ಈ ಒಂದೇ ಊರಿಗೆ, ನಾಲ್ಕೈದು ಕಿಲೋಮೀಟರ್ ಅಂತರದಲ್ಲಿ.

ಸಂಜೆ ಸ್ಕೈ ಗಾರ್ಡನ್. ಗಾಜಿನ ಕಟ್ಟಡದ ತುದಿಯಲ್ಲಿ ಗಿಡ, ಬೆಂಚು, ಕೆಳಗೆ ಇಡೀ ಊರು. ಬಿಟ್ಟಿ. ಇದನ್ನು ನೋಡಿದವರಿಗೆ ತಿರುಗುಚಕ್ರದ ಟಿಕೆಟ್ ಬೇಕಿಲ್ಲ. ಮೇಣದ ಗೊಂಬೆ, ದೆವ್ವದ ಗುಹೆ ಇವೆಲ್ಲ ಮಕ್ಕಳು ಹಟ ಮಾಡಿದರೆ ನೋಡಿ.

ನಾಲ್ಕನೇ ದಿನ: ಗ್ರೀನಿಚ್

ಟವರ್ ಹತ್ತಿರದ ಕಟ್ಟೆಯಿಂದ ದೋಣಿಯಲ್ಲಿ ಹೋಗಿ, ವಾಪಸ್ ಡಿಎಲ್‌ಆರ್ ರೈಲಿನಲ್ಲಿ ಬನ್ನಿ. ಆ ರೈಲಿಗೆ ಎದುರಿಗೆ ಡ್ರೈವರ್ ಕ್ಯಾಬಿನ್ ಇಲ್ಲ. ಮುಂದಿನ ಸೀಟು ಸಿಕ್ಕರೆ ನೀವೇ ಓಡಿಸಿದಂತೆ. ದೋಣಿಗೂ ಅದೇ ಕಾರ್ಡ್ ನಡೆಯುತ್ತದೆ, ಆದರೆ ದಿನದ ಮಿತಿಗೆ ಸೇರುವುದಿಲ್ಲ.

ಇಳಿದ ಕೂಡಲೇ ಕಟಿ ಸಾರ್ಕ್, ಚೀನಾದಿಂದ ಚಹಾ ಹೊತ್ತ 1869ರ ಹಾಯಿಹಡಗು. ಹೊರಗಿನಿಂದಲೇ ಚೆಂದ. ಗುಡ್ಡ ಹತ್ತಿದರೆ ಖಗೋಳ ವೀಕ್ಷಣಾಲಯ. 1884ರಲ್ಲಿ ಸೊನ್ನೆ ರೇಖಾಂಶ ಇಲ್ಲೇ ಅಂತ ತೀರ್ಮಾನವಾಯಿತು. ಅಂಗಳದ ರೇಖೆ ಮೇಲೆ ಕಾಲಿಡಲು ಟಿಕೆಟ್ ಬೇಕು. ಅದೇ ರೇಖೆಯ ತುಂಡು ಹೊರಗಿನ ಕಾಲುದಾರಿಯಲ್ಲೂ ಇದೆ, ಗೋಡೆ ಪಕ್ಕ, ದುಡ್ಡಿಲ್ಲ, ಸಾಲಿಲ್ಲ.

ಒಂದು ಗಂಟೆಗೆ ಐದು ನಿಮಿಷ ಮೊದಲು ಛಾವಣಿ ಮೇಲಿನ ಕೆಂಪು ಚೆಂಡನ್ನು ನೋಡುತ್ತಾ ನಿಲ್ಲಿ. ಕಂಬದ ಮೇಲೆ ಏರುತ್ತದೆ. ಸರಿಯಾಗಿ ಒಂದಕ್ಕೆ ಬೀಳುತ್ತದೆ. 1833ರಿಂದ ನದಿಯಲ್ಲಿನ ಹಡಗುಗಳು ಇದನ್ನು ನೋಡಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವು. ಚೆಂಡು ಬಿದ್ದ ಕೂಡಲೇ ಚಿಕ್ಕಪ್ಪ ರೇಖೆಯ ಎರಡು ಕಡೆ ಒಂದೊಂದು ಕಾಲಿಟ್ಟು ದಾವಣಗೆರೆಗೆ ಫೋನ್ ಹಚ್ಚಿದರು.

"ಇಲ್ಲಿ ಕರೆಕ್ಟ್ ಒಂದು ನೋಡು. ಅಲ್ಲಿ ಎಷ್ಟು?"

"ಐದೂವರೆ," ಅಂದರು ಚಿಕ್ಕಮ್ಮ. "ಕರೆಂಟ್ ಹೋಗೈತಿ. ಊಟ ಆತಾ?"